ಷಡ್ಡಕನ ಬಾಗಿಲು

ಲಿಫ್ಟ್ ಮೆಕ್ಯಾನಿಕ್‌ನ ಕೆಲಸವೇ ಜನರನ್ನು ಮೇಲೆತ್ತುವುದು. ಮನೆಯಲ್ಲಿ ಮಾತ್ರ ಅವನ ತಪ್ಪನ್ನು ಎತ್ತಿ ಆಡುವವರಿದ್ದರೇ ಹೊರತು ಅವನನ್ನು ಎತ್ತಿ ಹಿಡಿಯುವವರಿರಲಿಲ್ಲ. ಗುಜರಿಯಿಂದ ತಂದ ಹಳೇ ಕಂಪ್ಯೂಟರುಗಳನ್ನು ಬಿಚ್ಚಿ, ಒಂದರ ಮೆಮೊರಿಯನ್ನು ಇನ್ನೊಂದಕ್ಕೆ ತೊಡಿಸಿ, ಜೀವ ಬರಿಸುವುದು ಅವನ ಹುಚ್ಚು. ಹನ್ನೊಂದು ವರ್ಷದಲ್ಲಿ ಹೆಂಡತಿ ಒಮ್ಮೆಯೂ ಮೆಚ್ಚಿ ಮಾತಾಡಿರಲಿಲ್ಲ.

ಅಂಥದ್ದರಲ್ಲಿ ಷಡ್ಡಕ, ಎಂದರೆ ಹೆಂಡತಿಯ ಅಕ್ಕನ ಗಂಡ, ಔಷಧಿ ಕಂಪನಿಯ ಸೇಲ್ಸ್‌ಮನ್, ಅಂಗೈಯಗಲದ ಕಂಪ್ಯೂಟರೊಂದನ್ನು ತನ್ನ ಮನೆಯ ಮುಂಬಾಗಿಲಿಗೆ ಜೋಡಿಸಿಬಿಟ್ಟ. ಫೋನ್ ಒತ್ತಿದರೆ ಬಾಗಿಲು ತೆರೆಯುತ್ತಿತ್ತು.

"ಭಾವನ್ನ ನೋಡಿ ಕಲೀರಿ. ನಿಮ್ದು ಬರೀ ಬಿಚ್ಚೋದೇ ಆಯ್ತು," ಅಂದಳು ಹೆಂಡತಿ.

ಇಷ್ಟು ದಿನ ಹಳೇ ಲ್ಯಾಪ್‌ಟಾಪಿನಿಂದ ತೊಡೆ ಸುಡುತ್ತಿತ್ತು. ಈಗ ಹೊಟ್ಟೆಯೂ ಉರಿಯತೊಡಗಿತು.

ಆ ಭಾನುವಾರ ಮೆಕ್ಯಾನಿಕ್ ಷಡ್ಡಕನ ಸೋಫಾದ ಮೇಲೆ ಕೂತೇ, ಅವರದೇ ವೈಫೈಯಲ್ಲಿ ಆ ಯಂತ್ರವನ್ನು ಕೆದಕಿ ನೋಡಿದ. ಡಬ್ಬಿಯ ಜೊತೆ ಬಂದ ಪಾಸ್‌ವರ್ಡ್ ಹಾಗೇ ಇತ್ತು! ಸಾಲದ್ದಕ್ಕೆ ಯಂತ್ರ ಇಂಟರ್ನೆಟ್ಟಿಗೂ ಮೈ ಒಡ್ಡಿಕೊಂಡಿತ್ತು. ಯಾವ ಊರಿನ ಕಳ್ಳನಾದರೂ ಬಾಗಿಲು ತೆಗೆಯಬಹುದಿತ್ತು. ಷಡ್ಡಕ ಬೀಗವೇ ಇಲ್ಲದೆ ಬೀಗುತ್ತಿದ್ದ!

ಆಗಲೇ ಹೇಳಬಹುದಿತ್ತು. ಆದರೆ ಮುಂದಿನ ಭಾನುವಾರ ಷಡ್ಡಕನ ಮಗಳ ಹುಟ್ಟುಹಬ್ಬ, ನೆಂಟರೆಲ್ಲ ಸೇರುತ್ತಾರೆ. ಮೆಕ್ಯಾನಿಕ್ ಆ ಇಲ್ಲದ ಬೀಗವನ್ನು ತನ್ನ ಬಾಯಿಗೆ ಹಾಕಿಕೊಂಡ.

ಹುಟ್ಟುಹಬ್ಬದ ದಿನ ನೆಂಟರು ತುಂಬಿದ ಹಾಲ್‌ನಲ್ಲಿ, "ಭಾವ, ಒಂದ್ಸಲ ಬಾಗಿಲು ಹಾಕಿ," ಎಂದು ತನ್ನ ಲ್ಯಾಪ್‌ಟಾಪಿನ ಗುಂಡಿ ಒತ್ತಿದ. ಟಕ್! ಬಾಗಿಲು ತೆರೆದುಕೊಂಡಿತು, ನೆಂಟರ ಬಾಯಿಗಳೂ.

"ಕಳ್ಳನಿಗೂ ಇಷ್ಟೇ ಸಾಕು. ಪಾಸ್‌ವರ್ಡ್ ಬದಲಾಯಿಸೋದೇ ಮರ್ತಿದೀರಿ."

ಷಡ್ಡಕನ ಮುಖ ಹುಳ್ಳಗಾಯಿತು. ಹೆಂಡತಿಯ ಕಣ್ಣರಳಿತು. "ಅಬ್ಬಾ! ಇದನ್ನ ಯಾವಾಗ ಕಂಡುಹಿಡಿದ್ರಿ?"

"ಹೋದ ಭಾನುವಾರಾನೇ!" ಎದೆಯುಬ್ಬಿಸಿ ಅಂದ.

ಅರಳಿದ ಕಣ್ಣು ಕೆರಳಿತು. "ಭಾವ ಟೂರ್ ಹೋಗಿದ್ರು. ವಾರ ಪೂರ್ತಿ ಅಕ್ಕ, ಮಗು ಇಬ್ರೇ ಇದ್ರು. ಗೊತ್ತಿದ್ದೂ ಸುಮ್ನಿದ್ರಾ?"

"ಅದು... ಎಲ್ಲರೂ ಇರೋವಾಗ ಹೇಳೋಣ ಅಂತ..."

ಷಡ್ಡಕನೇ ಮೊದಲು ಸುಧಾರಿಸಿಕೊಂಡ. "ಹೋಗ್ಲಿ ಬಿಡಮ್ಮ, ತಪ್ಪು ನಂದೇ. ಬಾರಪ್ಪಾ, ನೀನೇ ಒಂದು ಗಟ್ಟಿ ಪಾಸ್‌ವರ್ಡ್ ಹಾಕ್ಕೊಡು," ಎಂದು ಫೋನನ್ನು ಅವನ ಕೈಗಿಟ್ಟ.

"ಎಂಥಾ ದೊಡ್ಡ ಮನಸ್ಸು ನೋಡಿ ನಮ್ಮ ಭಾವಂದು!" ಎಂದು ಹೆಂಡತಿ ನೆಂಟರ ಕಡೆ ತಿರುಗಿದಳು.

ಕನಿಷ್ಠ ಹನ್ನೆರಡು ಅಕ್ಷರ ಬೇಕು ಎಂದು ಫೋನು ಕೇಳಿತು. ಮೆಕ್ಯಾನಿಕ್‌ಗೆ ಆ ಗಳಿಗೆಯಲ್ಲಿ ಹೊಳೆದ ಬೈಗುಳಗಳು ಯಾವುವೂ ಅದಕ್ಕಿಂತ ಕಡಿಮೆಯಿರಲಿಲ್ಲ.