ಸಾಲ್ಯಾನ್ ಹೆಸರಿನ ಕೋಣೆ

ಉಡುಪಿಯ ರಥಬೀದಿಗೆ ಹತ್ತಿರದ ಒಂದು ಲಾಡ್ಜಿನಲ್ಲಿ ಕೌಂಟರಿನ ಹಿಂದೆ ಕೂತು ಬಂದವರಿಗೆಲ್ಲ ಕೋಣೆಯ ಕೀ ಎತ್ತಿಕೊಡುವುದು ಸ್ವರ್ಣಲತಾಳ ಉದ್ಯೋಗ. ಮದುವೆಗೆ ಮೊದಲೇ ಸೇರಿದವಳು. ಈಗ ಮಗಳು ಕಾವ್ಯ ಹತ್ತನೇ ತರಗತಿ ಮುಗಿಸಿದ್ದಾಳೆ, ಇವಳು ಮಾತ್ರ ಅದೇ ಕುರ್ಚಿಯಲ್ಲಿದ್ದಾಳೆ. ಬಿಸಿನೀರು ಬರುವುದಿಲ್ಲವೆಂದು ರೇಗುವವರು, ದೇವರ ದರ್ಶನಕ್ಕೆ ಹೋಗಿ ಕೀಯನ್ನು ಎಲ್ಲೋ ಬೀಳಿಸಿ ಬರುವವರು, ಮಗನನ್ನು ಮಣಿಪಾಲದ ಕಾಲೇಜಿಗೆ ಸೇರಿಸಲು ಬಂದು, ಆ ಮಗ ಅಪ್ಪನ ಜತೆ ಒಂದೇ ಕೋಣೆಯಲ್ಲಿ ಮಲಗಲಾರೆನೆಂದು ಹಟ ಹಿಡಿದಾಗ ಇವಳ ಮುಖ ನೋಡುವವರು, ಎಲ್ಲರನ್ನೂ ಸುಧಾರಿಸಿ ಸಂಜೆ ಬಸ್ಸಿನಲ್ಲಿ ನಿಂತುಕೊಂಡೇ ಕಾಪುವಿಗೆ ವಾಪಸಾಗುತ್ತಾಳೆ.

ಊರಿಗೆಲ್ಲ ಕೋಣೆ ಕೊಟ್ಟವಳಿಗೆ ಮನೆಯಲ್ಲಿ ಕೋಣೆಯಿಲ್ಲ. ಅವಳ ಅಮ್ಮ ಬಚ್ಚಲಲ್ಲಿ ಜಾರಿಬಿದ್ದ ವರ್ಷದಿಂದ ಚಾವಡಿಯಲ್ಲಿ ಅಮ್ಮನ ಮಂಚದ ಬದಿಗೆ ಚಾಪೆ ಹಾಸಿ ಮಲಗುತ್ತಾಳೆ. ಅಮ್ಮ ಮಗ್ಗುಲು ಬದಲಿಸಿದರೆ ಎಚ್ಚರ, ಕೆಮ್ಮಿದರೆ ಎಚ್ಚರ, ಸುಮ್ಮನಿದ್ದರೆ ಯಾಕೆ ಸುಮ್ಮನಿದ್ದಾಳೆಂದು ಇನ್ನೂ ಹೆಚ್ಚು ಎಚ್ಚರ. ಹಾಗಾಗಿ ಅವಳಿಗೆ ಉಳಿದ ಆಸೆ ಒಂದೇ. ಒಂದು ಬಾಗಿಲು ಹಾಕಿಕೊಂಡು, ಯಾರೂ ಕರೆಯದ ಕಡೆ, ಒಂದು ಪೂರ್ತಿ ನಿದ್ದೆ. ಅದನ್ನು ಬಾಯಿಬಿಟ್ಟು ಹೇಳಲು ಮಾತ್ರ ನಾಚಿಕೆ. ಸಂಸಾರಸ್ಥೆ ಸೀರೆ ಕೇಳಿದರೆ ಅಂಗಡಿಗೆ ಕರೆದೊಯ್ಯುತ್ತಾರೆ, ನಿದ್ದೆ ಕೇಳಿದರೆ ಡಾಕ್ಟರರ ಹತ್ತಿರ ಕರೆದೊಯ್ಯುತ್ತಾರೆ.

ಅಷ್ಟರಲ್ಲಿ ಮಸ್ಕತ್ತಿನಿಂದ ತಮ್ಮ ಯಶ್ವಂತನ ಫೋನು ಬಂತು.

"ಅಕ್ಕಾ, ಈ ರಜೆಯಲ್ಲಿ ಎಲ್ಲರೂ ಕ್ರೂಸಿಗೆ ಹೋಗುವ. ಮುಂಬೈಯಿಂದ ಮೂರು ರಾತ್ರಿ. ಖರ್ಚೆಲ್ಲ ನನ್ನದು. ನಿನಗೂ ಒಂದು ರೆಸ್ಟ್ ಬೇಕಲ್ವಾ?"

ತಮ್ಮನೆಂದರೆ ತಮ್ಮ ಎಂದು ಸ್ವರ್ಣಲತಾ ಅಂದುಕೊಳ್ಳುವಷ್ಟರಲ್ಲಿ ಅವನು ಮುಂದುವರಿಸಿದ. "ಕ್ಯಾಬಿನ್, ಕೀ, ಯಾರು ಎಲ್ಲಿ ಮಲಗುವುದು, ಅದೆಲ್ಲ ನೀನೇ ನೋಡಿಕೋ ಆಯ್ತಾ? ನಿನಗೆ ದಿನಾ ಮಾಡುವ ಕೆಲಸ ಅಲ್ವಾ ಅದು."

ರೆಸ್ಟಿನ ಮೊದಲ ಕಂತು ಹೀಗೆ ಬಂತು.

ಜನ ಎಂಟು, ಕ್ಯಾಬಿನ್ ಮೂರು. ಮೂರರಲ್ಲಿ ಸಮುದ್ರಕ್ಕೆ ಕಿಟಕಿ ಇರುವುದು ಒಂದಕ್ಕೆ, ಅದೂ ಇಬ್ಬರೇ ಮಲಗುವಂಥದ್ದು. ಯಶ್ವಂತನ ಹೆಂಡತಿ ಪ್ರಣೀತಾಳಿಗೆ ಅದೇ ಬೇಕು. ಅವರ ಮಗ ಹದಿನೇಳರ ಉಜ್ವಲ್, "ಮಾಮಿ, ಅಪ್ಪನ ಗೊರಕೆಯ ಹತ್ತಿರ ಮಾತ್ರ ಹಾಕಬೇಡಿ" ಎಂದು ಮೆಸೇಜು ಹಾಕಿದ. ಅವನ ತಂಗಿ ಚೈತನ್ಯಾ ಮತ್ತು ಕಾವ್ಯ ಒಟ್ಟಾಗಿ ಅರ್ಜಿ ಸಲ್ಲಿಸಿದರು: ತಮಗಿಬ್ಬರಿಗೇ ಒಂದು ಕ್ಯಾಬಿನ್, ತಮ್ಮದೇ ಕೀ, ದೊಡ್ಡವರು ಬಾಗಿಲು ಬಡಿಯದೆ ಒಳಗೆ ಬರಬಾರದು. ಹಡಗಿನವರ ನಿಯಮವೋ, ಹದಿನೆಂಟು ತುಂಬದವರ ಕ್ಯಾಬಿನ್ನಿನಲ್ಲಿ ಅಪ್ಪನೋ ಅಮ್ಮನೋ ಇರಲೇಬೇಕು. ಅಮ್ಮ ಮಂಚದಲ್ಲಿ ಮಲಗಿಕೊಂಡೇ ತನ್ನದೊಂದು ನಿಯಮ ಸೇರಿಸಿದಳು. "ಕಾವ್ಯನನ್ನೂ ಉಜ್ವಲನನ್ನೂ ಒಂದೇ ಕೋಣೆಗೆ ಹಾಕಬೇಡ ಮಾರಾಯ್ತಿ. ಅವನು ಅವಳಿಗೆ ಬಾವ ಆಗಬೇಕು." ಕಾವ್ಯ ಮುಖ ಮುಚ್ಚಿಕೊಂಡು ಓಡಿಹೋದಳು.

ಗಂಡ ಭೋಜ ಮಲ್ಪೆ ಬಂದರಿನಲ್ಲಿ ಮೀನಿನ ವ್ಯಾಪಾರದವನು. ಅವನನ್ನು ಕೇಳಿದರೆ, "ನನಗೆ ಎಲ್ಲಾದರೂ ಆಗುತ್ತದೆ" ಎಂದು ಮೊಬೈಲಿನಿಂದ ತಲೆ ಎತ್ತದೆ ಹೇಳಿದ. ಎಲ್ಲಾದರೂ ಆಗುವವರಿಗೆ ಕೋಣೆ ಕೊಡುವುದೇ ಅತಿ ಕಷ್ಟ ಎಂಬುದು ಕೌಂಟರಿನಲ್ಲಿ ಕಲಿತ ಪಾಠ. ಅವರು ಮರುದಿನ ಬೆಳಿಗ್ಗೆ ಬೆನ್ನು ಹಿಡಿದುಕೊಂಡು ಬರುತ್ತಾರೆ.

ವಾರವಿಡೀ ತಲೆ ಕೆಡಿಸಿಕೊಂಡು ಅವಳು ಒಂದು ದಾರಿ ಮಾಡಿದಳು. ಗಂಡಸರು ಮೂವರು ಒಂದು ಕಡೆ. ಪ್ರಣೀತಾ, ಚೈತನ್ಯಾ ಕಿಟಕಿಯಲ್ಲಿ. ಅಮ್ಮ, ಕಾವ್ಯ, ತಾನು ಇನ್ನೊಂದರಲ್ಲಿ. ಎಲ್ಲ ಮುಗಿಸಿ ನೋಡಿದರೆ ತಾನು ಮತ್ತೆ ಅಮ್ಮನ ಬದಿಗೇ. ಚಾಪೆಯ ಬದಲು ಮಂಚ, ಅಷ್ಟೇ. ಅಳು ಬಂದ ಹಾಗಾಯಿತು. ಅಳುವುದಕ್ಕೂ ಒಂದು ಕೋಣೆ ಬೇಕಲ್ಲ ಎಂದುಕೊಂಡು ಅಕ್ಕಿ ತೊಳೆಯಲು ಹೋದಳು.

ಟಿಕೆಟು ಮಾಡಿದ್ದು ಉಡುಪಿಯ ಟ್ರಾವೆಲ್ಸಿನ ಸ್ಟೀವನ್. ಸ್ವರ್ಣಲತಾಳ ಪಟ್ಟಿಯನ್ನು ಬದಿಗಿಟ್ಟು ಎಂಟು ಜನರ ಆಧಾರ್ ನೋಡಿ ಹೆಸರು ತುಂಬಿದ, ಕಂಪ್ಯೂಟರ್ 'ಕುಟುಂಬದವರನ್ನು ಒಟ್ಟಿಗೆ ಹಾಕಲೇ?' ಎಂದು ಕೇಳಿದ ಕಡೆ, ಒಳ್ಳೆಯದೇ ಅಲ್ವಾ ಎಂದು ಹೌದು ಒತ್ತಿದ. ಯಾವ ಊರಿನಲ್ಲಾದರೂ ಅದು ಸರಿಯೇ. ಆದರೆ ಇವರದು ತಾಯಿಯ ಬಳಿ, ಅಂದರೆ ತಾಯಿಯ ಕಡೆಯ ಕುಲ, ಹಿಡಿದು ಹೆಸರು ಇಡುವ ಮನೆತನ. ಅಮ್ಮ ಕರ್ಕೇರ, ಆದ್ದರಿಂದ ಸ್ವರ್ಣಲತಾ ಮತ್ತು ಯಶ್ವಂತ ಕರ್ಕೇರ, ಸ್ವರ್ಣಲತಾಳ ಮಗಳು ಕಾವ್ಯಳೂ ಕರ್ಕೇರ. ಪ್ರಣೀತಾ ಸುವರ್ಣ, ಅವಳ ಮಕ್ಕಳಿಬ್ಬರೂ ಸುವರ್ಣ. ಇನ್ನು ಭೋಜ, ತನ್ನ ತಾಯಿಯ ಕಡೆಯಿಂದ ಸಾಲ್ಯಾನ್. ಇಡೀ ಗುಂಪಿಗೆ ಅವನೊಬ್ಬನೇ ಸಾಲ್ಯಾನ್.

ಗುಟ್ಟು ಹೊರಬಿದ್ದದ್ದು ಹಡಗಿನ ರಿಸೆಪ್ಶನಿನಲ್ಲಿ. ರಾತ್ರಿಯಿಡೀ ರೈಲಿನಲ್ಲಿ ಅಮ್ಮನ ಕಾಲು ಮಡಿಲಲ್ಲಿಟ್ಟುಕೊಂಡು ಬಂದ ಸ್ವರ್ಣಲತಾ, ಕಣ್ಣು ಉರಿಯುತ್ತಿರುವಾಗಲೇ ಮೂರು ಲಕೋಟೆ ಒಡೆದಳು. ಮೊದಲನೆಯದರಲ್ಲಿ ಕರ್ಕೇರರ ನಾಲ್ಕು ಕಾರ್ಡು: ಅಮ್ಮ, ಯಶ್ವಂತ, ತಾನು, ಕಾವ್ಯ. ಎರಡನೆಯದರಲ್ಲಿ ಸುವರ್ಣರು ಮೂವರು. ಮೂರನೆಯದರಲ್ಲಿ, ಸಮುದ್ರದ ಕಿಟಕಿಯ ಕ್ಯಾಬಿನ್ನಿಗೆ, ಒಂದೇ ಒಂದು ಕಾರ್ಡು. ಭೋಜ ಸಾಲ್ಯಾನ್.

"ಇದೆಂತದು? ನನ್ನನ್ನು ಹೆಂಡತಿ ಮಕ್ಕಳಿಂದ ಬೇರೆ ಮಾಡಿದ್ದಾರಲ್ಲ!" ಎಂದು ಯಶ್ವಂತ ಕೂಗಿದ.

ಕೌಂಟರಿನಲ್ಲಿದ್ದ ಹುಡುಗಿಯ ಎದೆಯ ಮೇಲೆ ಫಿಯೋನಾ ಎಂಬ ಹೆಸರಿತ್ತು. ಇವರ ಮಾತು ಕೇಳಿ ಅವಳೂ ಕನ್ನಡಕ್ಕೆ ಬಂದಳು, ಉಡುಪಿ ಹತ್ತಿರದ ಶಿರ್ವದವಳಂತೆ. "ಸರ್, ಒಂದೇ ಸರ್‌ನೇಮ್ ಇದ್ದವರನ್ನು ಸಿಸ್ಟಮ್ ಒಟ್ಟಿಗೆ ಹಾಕಿದ್ದು. ಇವತ್ತು ಬೇರೆ ಕೋಣೆ ಖಾಲಿ ಇಲ್ಲ. ಮಕ್ಕಳ ಕ್ಯಾಬಿನ್ ಇನ್ನು ಬದಲಿಸಲು ಆಗುವುದಿಲ್ಲ, ಅವರ ಹತ್ತಿರ ಅಪ್ಪನೋ ಅಮ್ಮನೋ ಒಬ್ಬರಿರಬೇಕು. ಉಳಿದದ್ದನ್ನು ದೊಡ್ಡವರು ನೀವೇ ಹೊಂದಿಸಿಕೊಳ್ಳಿ."

ಗಾಲಿಕುರ್ಚಿಯಲ್ಲಿದ್ದ ಅಮ್ಮನಿಗೆ ನಗು ತಡೆಯಲಾಗಲಿಲ್ಲ. "ಮಿಷನಿಗೆ ಬಳಿ ಗೊತ್ತುಂಟು! ಗಂಡ ಅಂದರೆ ಹೊರಗಿನವನೇ ಅಲ್ವಾ."

ಎಲ್ಲರ ಕಣ್ಣು ಈಗ ಭೋಜನ ಕೈಯ ಕಾರ್ಡಿನ ಮೇಲೆ. "ಮಾಮ, ನಾನಲ್ಲಿ ಇರಲಾ?" ಎಂದು ಉಜ್ವಲ್. "ನಾವಿಬ್ಬರು ಮೊದಲು ಕೇಳಿದ್ದು!" ಎಂದು ಹುಡುಗಿಯರು. "ಕಿಟಕಿ ನನಗೆ ಅಂತ ಇತ್ತಲ್ಲ ಅತ್ತಿಗೆ?" ಎಂದು ಪ್ರಣೀತಾ. ಮಕ್ಕಳ ಮಾತಿಗೆಲ್ಲ ಫಿಯೋನಾ ಸುಸ್ತಾದ ತಲೆಯನ್ನು ಅತ್ತಿತ್ತ ಆಡಿಸಿದಳು. ಹುಡುಗರು ಒಬ್ಬರೇ ಇರುವಂತಿಲ್ಲ, ಪ್ರಣೀತಾ ಹೋಗಬೇಕಾದರೆ ಮಕ್ಕಳ ಹತ್ತಿರ ಯಶ್ವಂತನೇ ಬರಬೇಕು, ಆ ಗೊರಕೆಗೆ ಉಜ್ವಲ್ ಒಪ್ಪಲಿಲ್ಲ. ಕೊನೆಗೆ ಎಲ್ಲರೂ ಅಭ್ಯಾಸದಂತೆ ಸ್ವರ್ಣಲತಾಳ ಕಡೆಗೆ ತಿರುಗಿದರು. ನೀನೇ ಏನಾದರೂ ಮಾಡು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಮಿಷನ್ ಕೊಟ್ಟದ್ದನ್ನು ತಡೆಯಲು ಪೂಜಾರಿಗಳು ಏಳು ಮಂದಿ. ಅವಳು ಲಕೋಟೆಗಳನ್ನು ಒಂದರ ಮೇಲೊಂದು ಇಟ್ಟಳು. ಎಷ್ಟೋ ಸಾವಿರ ಜನರಿಗೆ ಕೋಣೆ ಹಂಚಿದವಳಿಗೆ ತನ್ನ ಹೆಸರಿಗೊಂದು ಕೇಳಲು ನಾಲಿಗೆಯೇ ಏಳುತ್ತಿರಲಿಲ್ಲ.

"ನನಗೆ ಎಲ್ಲಾದರೂ ಆಗುತ್ತದೆ, ನೀನು ಹೇಳು" ಎಂದ ಭೋಜ, ಮಾಮೂಲಿನಂತೆ.

ಆ ಮಾತೇ ದಾರಿ ಕೊಟ್ಟಿತು.

"ಎಲ್ಲಾದರೂ ಆಗುತ್ತದೆ ಅಲ್ವಾ? ಹಾಗಾದರೆ ನನ್ನ ಮಂಚದಲ್ಲಿ ಮಲಗಿ. ಕಾವ್ಯಳ ಅಪ್ಪ ನೀವು, ನಿಯಮಕ್ಕೂ ಸರಿಯಾಯಿತು. ಆ ಕಾರ್ಡು ನನಗೆ ಕೊಡಿ."

"ಅಮ್ಮ ಎದ್ದರೆ?" ಎಂದ ಯಶ್ವಂತ ಗಾಬರಿಯಿಂದ.

"ನೀನು ಏಳು. ನಿನಗೂ ಅಮ್ಮ ಅಲ್ವಾ? ಕರ್ಕೇರ ಅಂತ ಬರೆದದ್ದುಂಟು." ಅವಳ ದನಿ ಅಲ್ಲಿಗೆ ಒಡೆಯಿತು. "ನನಗೆ ನಿದ್ದೆ ಬೇಕು. ಬೇರೆ ಎಂತದೂ ಬೇಡ. ನನಗೆ ನಿದ್ದೆ ಬೇಕು."

ಹೆಂಡತಿ ಜನರೆದುರು ಏನನ್ನಾದರೂ ಕೇಳಿದ್ದನ್ನು ಭೋಜ ಇದೇ ಮೊದಲು ನೋಡಿದ್ದು. ಕಾರ್ಡನ್ನು ಅವಳ ಕೈಗಿಟ್ಟು, ಗಾಲಿಕುರ್ಚಿಯ ಹಿಡಿ ಹಿಡಿದುಕೊಂಡ. ಅಳಿಯ ತಳ್ಳುತ್ತಿದ್ದಾನೆಂದು ಅಮ್ಮ ಸೆರಗು ಸರಿಮಾಡಿಕೊಂಡು ಬಿಗಿಯಾಗಿ ಕೂತಳು.

ಕ್ಯಾಬಿನ್ ಚಿಕ್ಕದು. ಬಿಳಿ ಹಾಸಿಗೆ, ಕಿಟಕಿಯಾಚೆ ಮಧ್ಯಾಹ್ನದ ಬೂದು ನೀರು. ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಆದರೂ ಒಳಗಿನ ಚಿಲಕ ಹುಡುಕಿ ಹಾಕಿದಳು, ಒಮ್ಮೆ ಎಳೆದೂ ನೋಡಿದಳು. ಸೀರೆ ಬದಲಿಸಲೂ ಶಕ್ತಿಯಿರಲಿಲ್ಲ, ಹಾಗೆಯೇ ಒರಗಿದಳು. ಹಡಗು ಯಾವಾಗ ಹೊರಟಿತೋ ಗೊತ್ತಾಗಲಿಲ್ಲ.

ಬಾಗಿಲು ಬಡಿದ ಸದ್ದು. "ಅಮ್ಮಾ, ನನ್ನ ಚಾರ್ಜರ್ ಎಲ್ಲುಂಟು?" ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು, ಹಸಿರು ಚೀಲದ ಬದಿಯ ಜಿಪ್ಪಿನಲ್ಲಿ. ಅವಳು ಹೇಳಲಿಲ್ಲ. ಕಾವ್ಯಳ ಚಪ್ಪಲಿ ಸದ್ದು ದೂರವಾಯಿತು.

ಸ್ವಲ್ಪ ಹೊತ್ತಿಗೆ ಮತ್ತೆ. ಈ ಸಲ ಭೋಜ, ತಗ್ಗಿದ ದನಿಯಲ್ಲಿ. "ಸ್ವರ್ಣಾ, ಕೀ ಎಲ್ಲ ಒಳಗೇ ಬಾಕಿಯಾಯಿತು ಮಾರಾಯ್ತಿ. ಅಮ್ಮನೂ ಹೊರಗೇ ಇದ್ದಾರೆ. ಈಗ ಎಂತ ಮಾಡುವುದು?"

ಅವಳ ಕಾಲು ಆಗಲೇ ಮಂಚದಿಂದ ಇಳಿದಿತ್ತು, ಇಷ್ಟು ವರ್ಷದ ಅಭ್ಯಾಸ. ಅದನ್ನು ಮೇಲೆತ್ತಿ ಮತ್ತೆ ಹೊದಿಕೆಯೊಳಗೆ ಇಟ್ಟುಕೊಂಡಳು.

"ರಿಸೆಪ್ಶನಿನಲ್ಲಿ ಕೇಳಿ" ಎಂದಳು. "ಅಲ್ಲಿ ಅದಕ್ಕೇ ಅಂತ ಒಬ್ಬಳನ್ನು ಕೂರಿಸಿದ್ದಾರೆ."

ಶಿರ್ವದ ಆ ಹುಡುಗಿಯನ್ನು ನೆನೆದು ಪಾಪ ಅನ್ನಿಸಿತು. ಆದರೂ ಏಳಲಿಲ್ಲ.