ಎಡಗಡೆಯ ಸದ್ದು

ಇಂಥದ್ದನ್ನೆಲ್ಲ ನಂಬುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ತಿ. ನರಸೀಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು ನಾನು. ಮಕ್ಕಳು ದೆವ್ವದ ಕಥೆ ತಂದರೆ ಅರ್ಧಕ್ಕೇ ತಡೆದು, ಕಂಡವರು ಯಾರು, ಅವರನ್ನು ಕರೆದುಕೊಂಡು ಬಾ ಎಂದು ಬಾಯಿ ಮುಚ್ಚಿಸಿದ್ದೇನೆ. ಈಗ ನಾನೇ ಒಂದನ್ನು ಹೇಳಲು ಕೂತಿದ್ದೇನೆ, ಅದೂ ಸಿಟ್ಟಿನಿಂದ. ಇದಕ್ಕೆ ಸಾಕ್ಷಿ ಇಬ್ಬರು. ಒಬ್ಬಳು ನಾನು. ಇನ್ನೊಬ್ಬರು ತಾವು ಏನೂ ಕೇಳಿಲ್ಲ ಎನ್ನುತ್ತಾರೆ.

ನಮ್ಮ ಮನೆ ನಂಜನಗೂಡಿನಲ್ಲಿ. ದಿನಾ ಬಸ್ಸಿಗೆ ಕಾದು, ನೂಕಾಡಿ, ನಿಂತುಕೊಂಡೇ ಹೋಗಿ ಬಂದು ಸಾಕಾಗಿ ನಾಲ್ಕು ವರ್ಷದ ಕೆಳಗೆ ಒಂದು ಹಳೇ ಕಾರು ಕೊಂಡೆ. ಗೊಬ್ಬರದ ಅಂಗಡಿ ಇಟ್ಟುಕೊಂಡಿರುವ ನನ್ನ ಯಜಮಾನರಿಗೆ ಅದು ಸುತರಾಂ ಇಷ್ಟವಿರಲಿಲ್ಲ. ಕಾರು ಬಂದದ್ದು ತಪ್ಪಲ್ಲ, ಅದರ ಕೀ ನನ್ನ ಬ್ಯಾಗಿನಲ್ಲಿ ಇರುವುದು ತಪ್ಪು.

ದೇವಸ್ಥಾನದ ಮುಂದೆ ಗಾಡಿ ಪೂಜೆ ಮಾಡಿಸಿದೆವು. ಎಲ್ಲರೂ ಮಾಡುವ ಹಾಗೆ ನಾಲ್ಕು ಚಕ್ರದ ಕೆಳಗೂ ಒಂದೊಂದು ನಿಂಬೆಹಣ್ಣು ಇಟ್ಟರು. ಗಾಡಿ ಮುಂದಕ್ಕೆ ಬಿಟ್ಟಾಗ ಮೂರು ಹಣ್ಣು ಪಚಕ್ಕೆಂದವು. ನಾಲ್ಕನೆಯದು ನನ್ನ ಕಿಟಕಿಯ ಕೆಳಗಿಂದಲೇ ಜಾರಿ ಚರಂಡಿಯ ಕಡೆ ಉರುಳಿತು. ಮುಂದಿನ ಬಲಚಕ್ರದ್ದು. ನಾನು ಕಣ್ಣಾರೆ ಕಂಡೆ. ಹಿಂದೆ ನಿಂತಿದ್ದ ಅತ್ತೆಗೆ ಹಣ್ಣು ಕಂಡಿತೇ ಹೊರತು ಯಾವ ಚಕ್ರದ್ದೆಂದು ತಿಳಿಯಲಿಲ್ಲ. "ಒಂದು ಉರುಳ್ಕೊಂಡ್ ಓಯ್ತು ಕಣವ್ವ, ಇನ್ನೊಂದು ಇಡುಸವ್ವ" ಎಂದು ಕೂಗಿದರು. ನಾನು ನಕ್ಕು ಗಾಡಿ ತಿರುಗಿಸಿಕೊಂಡು ಹೊರಟುಬಿಟ್ಟೆ.

ಏಳೆಂಟು ತಿಂಗಳಾದ ಮೇಲೆ ಸದ್ದು ಶುರುವಾಯಿತು. ಟಕ್, ಟಕ್. ತಿರುವಿನಲ್ಲಿ, ಹಂಪ್ ಹತ್ತಿ ಇಳಿಯುವಾಗ, ಮುಂದುಗಡೆ ಎಡಚಕ್ರದಿಂದ. ಗ್ಯಾರೇಜಿಗೆ ತೆಗೆದುಕೊಂಡು ಹೋದರೆ ಅಲ್ಲಿಯವನು ಒಂದು ಸುತ್ತು ಓಡಿಸಿ ಬಂದು, ನನ್ನ ಮುಖ ಕೂಡ ನೋಡದೆ ಯಜಮಾನರಿಗೆ ಹೇಳಿದ: "ಲೇಡೀಸ್ಗೆ ಒಂದೊಂದ್ಸಲ ಇಂಗೇ ಅನ್ನುಸ್ತದೆ ಸಾ, ನೀವ್ ತಲೆ ಕೆಡುಸ್ಕಬೇಡಿ." ಬಂಪರಿಗೆ ಅತ್ತೆ ಕಟ್ಟಿದ್ದ ಕಪ್ಪು ದಾರ, ಒಣಗಿದ ಮೆಣಸಿನಕಾಯಿ, ನಿಂಬೆಹಣ್ಣುಗಳನ್ನು ಕತ್ತರಿಸಿ ಎತ್ತಿ ತೋರಿಸಿ, ಇದೇ ನಿಮ್ಮ ಸೌಂಡು ಎಂದ. ಯಜಮಾನರೂ ಅವನ ಜೊತೆ ನಕ್ಕರು. ಆ ನಗು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಮಾರನೆಯ ದಿನ ಸದ್ದು ಮತ್ತೆ ಬಂತು. ಮತ್ತೆ ಹೋದೆ. ಎಡಗಡೆ ಎತ್ತಿ ನೋಡಿದರು, ಎಡಗಡೆ ಒಂದು ರಾಡ್ ಬದಲಾಯಿಸಿದರು, ಎಡಚಕ್ರದ ಬೇರಿಂಗ್ ನೋಡಿದರು. ಬಲಗಡೆ ಯಾರೂ ಮುಟ್ಟಲಿಲ್ಲ. ಅದರಲ್ಲಿ ನನ್ನ ತಪ್ಪೂ ಇದೆ. ಎಡಗಡೆ, ಎಡಗಡೆ ಎಂದು ಗಂಟಲು ಹರಿದುಕೊಂಡವಳು ನಾನೇ. ಮೂರನೆಯ ಸಲ ಹೇಳಿದಾಗ ಯಜಮಾನರು ಊಟದ ತಟ್ಟೆಯಿಂದ ತಲೆ ಎತ್ತದೆ, "ಇನ್ನೊಂದ್ಸಲ ಸದ್ದು ಅಂದ್ರೆ ಗಾಡಿ ಮಾರ್ಬುಡ್ತೀನಿ. ಆರಾಮಾಗಿ ಬಸ್ಸಲ್ಲಿ ಹೋಗ್ಬಾ" ಎಂದರು. ಅತ್ತೆ ಪಕ್ಕದಿಂದ ಆ ನಿಂಬೆಹಣ್ಣಿನ ಮಾತು ತೆಗೆದರು. ಯಾರ ಮೇಲೆ ಕೂಗಾಡಬೇಕೋ ತಿಳಿಯದೆ ಎದ್ದುಹೋದೆ. ಬಾಯಿ ಬಿಟ್ಟರೆ ಕಾರು ಹೋಗುತ್ತದೆ. ಹಾಗಾಗಿ ಮೂರು ವಾರ ಆ ಸದ್ದನ್ನು ನುಂಗಿಕೊಂಡು ದಿನಾ ಓಡಿಸಿದೆ.

ಆಮೇಲೆ ಒಂದು ಭಾನುವಾರ ಸೋಸಲೆಯಲ್ಲಿ ನೆಂಟರ ಮಗುವಿಗೆ ಹೆಸರಿಡುವ ಶಾಸ್ತ್ರ ಬಂತು. ಸದ್ದಿಲ್ಲವೆಂದು ತೋರಿಸಿಕೊಡುವುದಕ್ಕೇ ಯಜಮಾನರು ತಾವೇ ಓಡಿಸುತ್ತೇನೆಂದು ಕೂತರು. ನಾನು ಎಡಗಡೆ ಕೂತೆ. ನರಸೀಪುರದವರೆಗೂ ಏನೂ ಇಲ್ಲ. ಊರು ದಾಟಿದ ಮೇಲೆ ನನ್ನ ಕಾಲಬಳಿಯೇ ಟಕ್, ಟಕ್ ಶುರುವಾಯಿತು. ಅವರು ರೇಡಿಯೋ ಜೋರು ಮಾಡಿದರು. ನಿಲ್ಲಿಸಿ ಎಂದು ನಾನು ಕಿರುಚಿದ್ದು ನನಗೇ ಗಾಬರಿಯಾಗುವಷ್ಟಿತ್ತು. ಒಂದು ಹುಣಸೇಮರದ ಕೆಳಗೆ ಬ್ರೇಕ್ ಹಾಕಿ ಇಂಜಿನ್ ಆಫ್ ಮಾಡಿದರು. ರೇಡಿಯೋವೂ ನಿಂತಿತು. "ಈಗ ಕೇಳು, ಏನೈತೆ?" ಎಂದರು.

ಆಗ ಬಂತು. ಟಕ್. ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಬಿಟ್ಟು ಮತ್ತೆ ಟಕ್. ಗಾಡಿ ನಿಂತಿದೆ, ಚಕ್ರ ನಿಂತಿದೆ, ರಸ್ತೆಯಲ್ಲಿ ನಡು ಮಧ್ಯಾಹ್ನದ ಬಿಸಿಲು, ಒಂದು ನರಪಿಳ್ಳೆ ಇಲ್ಲ. ಬಿಸಿಯಾದ ಇಂಜಿನ್ನು ಆರುವಾಗ ಸದ್ದು ಮಾಡುವುದು ನನಗೂ ಗೊತ್ತು. ಅದು ಅಡ್ಡಾದಿಡ್ಡಿ ಬರುತ್ತದೆ, ಬರುತ್ತಾ ಬರುತ್ತಾ ತಡವಾಗುತ್ತದೆ. ಇದು ಹಾಗಿರಲಿಲ್ಲ. ಒಂದೇ ಸಮ, ಎಡಚಕ್ರದ ಹತ್ತಿರ. ಏಳೋ ಎಂಟೋ ಸಲ. ಯಜಮಾನರ ಮುಖ ಬಿಳಿಚಿಕೊಂಡಿತು. ನನ್ನ ಮುಂಗೈ ಹಿಡಿದು, "ಏನೇ ಅದು?" ಎಂದರು. ಈ ಎರಡು ಮಾತನ್ನು ಅವರು ಆಡಿದರು. ಸಾಯುವತನಕ ಹೇಳುತ್ತೇನೆ, ಆಡಿದರು.

ಬೇಗ ಹೊರಟುಬಿಡೋಣವೆಂದು ಅವರು ಮತ್ತೆ ಕೀ ತಿರುಗಿಸಲು ಕೈ ಹಾಕಿದರು. ನಾನು ಮುಂಚೆಯೇ ಬಗ್ಗಿ ಕಿತ್ತುಕೊಂಡೆ. ಕೀ ನನ್ನ ಕೈಗೆ ಬಂದ ಕೂಡಲೇ ಸದ್ದು ನಿಂತಿತು.

ನರಸೀಪುರದಿಂದ ಒಬ್ಬ ಮೆಕ್ಯಾನಿಕ್ ಬೈಕಿನಲ್ಲಿ ಬಂದ. ಎಡಗಡೆ ಜಾಕ್ ಕೊಟ್ಟು ಚಕ್ರ ಅಲ್ಲಾಡಿಸಿ, "ಏನೂ ಇಲ್ಲ ಮೇಡಮ್ನೋರೆ, ಗಟ್ಟಿ ಐತೆ" ಎಂದು ಸಾಮಾನು ಚೀಲಕ್ಕೆ ಹಾಕತೊಡಗಿದ. ಯಜಮಾನರ ಮುಖಕ್ಕೆ ಆಗಲೇ ಬಣ್ಣ ಬಂದು, ತುಟಿಯ ಮೇಲೆ ಗ್ಯಾರೇಜಿನ ಆ ಹಳೇ ನಗು ಮೂಡುತ್ತಿತ್ತು. ಆಗ ನನಗೆ ಚರಂಡಿಯ ಕಡೆ ಉರುಳಿದ ಹಣ್ಣು ನೆನಪಾಯಿತು. ಬೇಡವೆಂದರೂ ಬಂತು.

"ಬಲಗಡೆ ಎತ್ತಿ" ಎಂದೆ.

"ಸದ್ದು ಎಡಗಡೆ ಅಂದ್ರಲ್ಲಾ?"

"ಎತ್ರೀ ಅಂದ್ರೆ ಎತ್ರೀ!"

ಗೊಣಗಿಕೊಂಡು ಎತ್ತಿದ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಒಂದು ಸಲ ಜಗ್ಗಿದ, ಆಮೇಲೆ ಕೈ ಬಿಟ್ಟು ಬಗ್ಗಿ ಒಳಗೆ ನೋಡಿದ. ಚಕ್ರವನ್ನು ಗಾಡಿಗೆ ಹಿಡಿದಿಡುವ ಬಾಲ್ ಜಾಯಿಂಟು ಪೂರ್ತಿ ಸವೆದು ಕಳಚಿಕೊಳ್ಳುವುದರಲ್ಲಿತ್ತು. ಇಷ್ಟು ದಿನ ಒಂದು ಸಣ್ಣ ಸದ್ದೂ ಮಾಡದ ಕಡೆ. "ಒಂದ್ ದೊಡ್ ಗುಂಡಿಗೆ ಬಿದ್ದಿದ್ರೆ ಚಕ್ರ ಮಲಿಕಬುಡೋದು ಸಾ, ಓಡ್ಸೋರ್ ಕಾಲ್ ಕೆಳ್ಗೇ" ಎಂದ. ದಿನಾ ಓಡಿಸುವವಳು ಪಕ್ಕದಲ್ಲಿ ನಿಂತಿದ್ದರೂ ಅವನು ಹೇಳಿದ್ದು ಸಾಹೇಬರಿಗೆ.

ಜಾಯಿಂಟು ಬದಲಾಯಿಸಿದ ಮೇಲೆ ಆ ಸದ್ದು ಮತ್ತೆ ಬಂದಿಲ್ಲ. ಕಬ್ಬಿಣದಲ್ಲಿ ಸದ್ದು ಹರಿಯುತ್ತದೆ, ಬಲಗಡೆ ಆದದ್ದು ಎಡಗಡೆ ಕೇಳಿಸಬಹುದು ಎಂದು ಮೆಕ್ಯಾನಿಕ್ ಸಮಾಧಾನ ಹೇಳಿದ. ಅದನ್ನು ನಾನೇ ಮಕ್ಕಳಿಗೆ ಪಾಠ ಮಾಡುತ್ತೇನೆ. ಓಡುವ ಗಾಡಿಗೆ ಆ ಮಾತು ಸರಿ. ನಿಂತ ಗಾಡಿಯಲ್ಲಿ ಟಕ್ ಎಂದದ್ದು ಏನು? ಎಷ್ಟೋ ಸಲ ಯೋಚಿಸಿದ್ದೇನೆ. ನನಗೆ ಗೊತ್ತಿಲ್ಲ.

ಮನೆಗೆ ಬಂದಾಗ ಅತ್ತೆ ಜಗುಲಿಯ ಮೇಲೆ ಕೂತಿದ್ದರು. ಯಜಮಾನರು ಚಪ್ಪಲಿ ಬಿಡುವ ಮೊದಲೇ, "ಜಾಯಿಂಟ್ ಹೋಗಿತ್ತಮ್ಮ, ಸದ್ಯ ನಾನ್ ನಿಲ್ಸಿ ತೋರ್ಸ್ದೆ" ಎಂದರು. ನಿಂತ ಗಾಡಿಯಲ್ಲೂ ಸದ್ದು ಬಂದದ್ದನ್ನು ಹೇಳಿ ಎಂದು ನಾನು ಮೇಲೆ ಬಿದ್ದೆ. "ನಾನೇನೂ ಕೇಳ್ಲಿಲ್ಲಪ್ಪ" ಎಂದರು. ಇವತ್ತು ಕೇಳಿದರೂ ಅದೇ ಮಾತು. ಮುಂಗೈ ಹಿಡಿದದ್ದೂ ನೆನಪಿಲ್ಲವಂತೆ. ಅವತ್ತು ಕೈಯಲ್ಲಿದ್ದ ಕೀಯನ್ನು ಅವರ ಮುಖಕ್ಕೆ ಎಸೆಯಬೇಕೆನ್ನಿಸಿತು.

ಅತ್ತೆ ಮಗನ ಕಡೆ ನೋಡಲಿಲ್ಲ. ನನ್ನನ್ನೇ ನೋಡುತ್ತಾ ಮೆಲ್ಲಗೆ ಕೇಳಿದರು: "ಯಾವ ಚಕ್ರ ಕಣವ್ವ?"

ಆ ಹಣ್ಣು ಬಲಚಕ್ರದ್ದೆಂದು ಗೊತ್ತಿದ್ದವಳು ನಾನೊಬ್ಬಳೇ. "ಎಡಗಡೆದು, ಅತ್ತೆ" ಎಂದೆ.

ಯಜಮಾನರು ತಲೆ ಎತ್ತಿ ನನ್ನ ಮುಖ ನೋಡಿದರು. ಆಮೇಲೆ ಕೈಕಾಲು ತೊಳೆಯಲು ಹೋದರು.