ಹನ್ನೆರಡು ಹಾಳೆಗೆ ಚೀಲದ ಹೊಲಿಗೆ

ಬಳ್ಳಾರಿಯ ಬಾಡಿಗೆ ಮನೆಗೆ ಬಂದ ದಿನ ಮಧ್ಯಾಹ್ನ ಮನೆಯೊಳಗೆ ಗುಬ್ಬಿ ಕೂಗಿತು. ಪಾಪ, ಎಲ್ಲಿಂದಲೋ ಹೊಕ್ಕು ಸಿಕ್ಕಿಹಾಕಿಕೊಂಡಿದೆ ಎಂದು ಕಿಟಕಿ ತೆರೆದೆ, ಮಂಚದ ಕೆಳಗೆ ಬಗ್ಗಿ ನೋಡಿದೆ, ಟವೆಲ್ ಬೀಸಿದೆ. ಅದು ಕೂಗುತ್ತಲೇ ಇತ್ತು. ಕೊನೆಗೆ ಯಾರೋ ಬಾಗಿಲು ದಬದಬ ಬಡಿದರು. ತೆರೆದರೆ ಮನೆಯ ಓನರಮ್ಮ. ಗೋಡೆಯ ಮೇಲಿನ ಬಿಳಿ ಗುಂಡಿ ತೋರಿಸಿ, "ತಾತಾ, ನಾ ಬೆಲ್ ಒತ್ತಿ ಒತ್ತಿ ಬೆರಳು ನೋಯಿಸ್ಕೊಂಡೀನಿ. ನೀವು ಒಳಗ ಕೋಲಾಟ ಆಡಾಕತ್ತೀರೇನು?" ಎಂದರು.

ನಮ್ಮ ಕುರುಗೋಡಿನಲ್ಲಿ ಬಂದವರು ಹೊರಗಿನಿಂದಲೇ "ಅದೀರೇನ್ರಿ?" ಅನ್ನುತ್ತಾರೆ. ನಾವು ಉತ್ತರ ಕೊಡುವಷ್ಟರಲ್ಲಿ ಒಳಗೆ ಬಂದು ಕೂತಿರುತ್ತಾರೆ.

ಕುರುಗೋಡಿನಿಂದ ಬಳ್ಳಾರಿಗೆ ಬಸ್ಸಿನಲ್ಲಿ ಒಂದು ತಾಸಿನ ದಾರಿ, ಇದಕ್ಕೂ ವಲಸೆ ಅನ್ನುತ್ತಾರೇನು ಎಂದು ನಗಬೇಡಿ. ಅರವತ್ತೆಂಟು ವರ್ಷ ನೆಲದ ಮೇಲೆ ಮಲಗಿದವನು ಈಗ ಎರಡನೆಯ ಮಹಡಿಯಲ್ಲಿ, ಓನರಮ್ಮನವರ ಸಂಸಾರದ ನೆತ್ತಿಯ ಮೇಲೆ ಮಲಗುತ್ತೇನೆ. ಅವರು ಮನೆಯಲ್ಲಿ ತೆಲುಗು ಆಡುತ್ತಾರೆ. ನನಗೂ ಸಂತೆಯ ತೆಲುಗು ಬರುತ್ತದೆ, ಆದರೆ ಅದರಲ್ಲಿ ಚೌಕಾಶಿ ಮಾಡಬಹುದೇ ಹೊರತು ಕ್ಷೇಮ ಸಮಾಚಾರ ಕೇಳಲು ಆಗುವುದಿಲ್ಲ. ಊರಿನಲ್ಲಿ ವಗ್ಗಾಣಿ, ಅಂದರೆ ಒಗ್ಗರಣೆ ಹಾಕಿದ ಮಂಡಕ್ಕಿ, ಮಿರ್ಚಿಯ ಜೊತೆ ಪೇಪರಿನಲ್ಲಿ ಕಟ್ಟಿ ಕೊಡುತ್ತಾರೆ. ಇಲ್ಲಿ ತಟ್ಟೆ, ತಟ್ಟೆಗೊಂದು ಚಮಚ. ಚಮಚದಿಂದ ತಿಂದರೆ ವಗ್ಗಾಣಿ ಅರ್ಧ ಮೀಸೆಗೆ, ಅರ್ಧ ಅಂಗಿಗೆ.

ಬಂದ ಕಾರಣ ಹೇಳುತ್ತೇನೆ. ನನ್ನ ಮೊಮ್ಮಗಳು ಗಿರಿಜಾ ಎಂ.ಎ. ಓದುತ್ತಿದ್ದಾಳೆ. ಇದನ್ನು ಬರೆಯುವಾಗಲೂ ಕೈ ಸ್ವಲ್ಪ ನಿಂತು ಖುಷಿಪಟ್ಟು ಮುಂದೆ ಹೋಗುತ್ತದೆ. ನನ್ನದು ನಾಲ್ಕನೇ ಕ್ಲಾಸು, ನನ್ನ ಮಗನದು ಹತ್ತನೇ ಕ್ಲಾಸು, ಇವಳದು ಎಣಿಸಲು ಬೆರಳು ಸಾಲದು. ಹೋದ ವರ್ಷ ದಿನಾ ಬಸ್ಸಿನಲ್ಲಿ ಓಡಾಡಿ ಸೊರಗಿದ್ದಳು. ಈ ಸಲ ಇಲ್ಲೇ ರೂಮು ಹುಡುಕಿದರೆ, "ಒಬ್ಬಾಕಿಗೇ ಕೊಡಂಗಿಲ್ಲ, ಜತಿಗೆ ದೊಡ್ಡೋರು ಇರಬೇಕು" ಎಂದರು ಓನರಮ್ಮ. ನಮ್ಮ ಮನೆಯಲ್ಲಿ ಕೆಲಸವಿಲ್ಲದ ದೊಡ್ಡವನು ನಾನೊಬ್ಬನೇ.

ಸೆಮಿಸ್ಟರ್ ಅಂದರೆ ಓದಿನ ವರ್ಷವನ್ನು ಎರಡು ಮಾಡುವುದು, ನಮ್ಮ ಮುಂಗಾರು ಹಿಂಗಾರು ಇದ್ದ ಹಾಗೆ. ಹೊಸ ಸೆಮಿಸ್ಟರ್ ಸೋಮವಾರ ಶುರು. ಈ ಸಲ ಗಿರಿಜಾ ಒಂದು ವಿಷಯ ಹಿಡಿದು ತಾನೇ ಹುಡುಕಿ ಬರೆಯಬೇಕು. ಅವಳು ಹಿಡಿದದ್ದು ಕುರುಗೋಡಿನ ವಾರದ ಸಂತೆಗೆ ಬಂದು ಕೂರುವ ಹೆಂಗಸರ ಬದುಕು. ಅದನ್ನು ತಿದ್ದಿ ನಡೆಸುವ ಒಬ್ಬ ಮೇಡಂ ಇದ್ದಾರೆ. ಅವರ ಕೈಕೆಳಗೆ ಬರೆಯಲು ಇದ್ದದ್ದು ಒಬ್ಬರಿಗೆ ಮಾತ್ರ ಜಾಗ, ಕೇಳಿದವರು ಮೂವರು. ಸೋಮವಾರ ಬೆಳಿಗ್ಗೆ ಹನ್ನೆರಡು ಹಾಳೆ ಬರೆದು ಕೊಟ್ಟು ಅವರನ್ನು ಒಪ್ಪಿಸಬೇಕು. ಆ ಜಾಗ ಸಿಗದಿದ್ದರೆ ಸಂತೆಯ ವಿಷಯವನ್ನೇ ಕೈಬಿಡಬೇಕಾಗುತ್ತದೆ ಎಂದು ಗಿರಿಜಾ ವಾರವಿಡೀ ಸರಿಯಾಗಿ ಉಣ್ಣಲಿಲ್ಲ.

ಭಾನುವಾರ ಊರಿನಿಂದ ನಮ್ಮಾಕೆಯ ಫೋನು. "ಆಕಿ ಓದಾಕ ಹೋಗ್ಯಾಳ. ನೀ ಎದಕ್ಕ ಹೋಗೀದಿ, ನೆನಪೈತಿಲ್ಲ? ಅನ್ನಕ್ಕಿಡು, ಬಾಗಲಾ ಹಾಕ್ಕೋ. ಬ್ಯಾರೆ ಏನೂ ಮುಟ್ಟಬ್ಯಾಡ."

ಸೋಮವಾರ ಬೆಳಿಗ್ಗೆ ಗಿರಿಜಾ ಸ್ನಾನಕ್ಕೆ ಹೋದಳು. ಹನ್ನೆರಡು ಹಾಳೆ ಮೇಜಿನ ಮೇಲಿದ್ದವು. ಮೂಲೆಯಲ್ಲಿ ಒಂದು ಪುಟ್ಟ ಕ್ಲಿಪ್ಪು, ಹಾಳೆಗಳು ಫ್ಯಾನಿನ ಗಾಳಿಗೆ ಪಟಪಟ ಒದ್ದಾಡುತ್ತಿದ್ದವು. ನಾನು ಮೂವತ್ತು ವರ್ಷ ಕುರುಗೋಡಿನ ದಲಾಲಿ ಅಂಗಡಿಗಳಲ್ಲಿ ಕಾಳಿನ ಚೀಲ ಹೊಲಿದವನು. ಬಾಯಿ ತೆರೆದ ಯಾವ ವಸ್ತು ಕಂಡರೂ ನನ್ನ ಕೈ ಸುಮ್ಮನಿರುವುದಿಲ್ಲ. ದಬ್ಬಳ, ಅಂದರೆ ಗೋಣಿ ಹೊಲಿಯುವ ದೊಡ್ಡ ಸೂಜಿ, ನನ್ನ ಟ್ರಂಕಿನಲ್ಲೇ ಇತ್ತು. ಅಕ್ಕಿ ಚೀಲ ಬಿಚ್ಚಿದ ಹುರಿಯೂ ಇತ್ತು. ಕ್ಲಿಪ್ಪು ತೆಗೆದು ಎಡಗಡೆ ಉದ್ದಕ್ಕೂ ಎರಡೆರಡು ಸಲ ಎಳೆದು ಹೊಲಿದೆ. ಮೇಲೆ ಕೆಳಗೆ ಎರಡು ಕಿವಿ ಬಿಟ್ಟೆ. ಕಿವಿ ಅಂದರೆ ಹಮಾಲರು ಚೀಲ ಎತ್ತುವಾಗ ಹಿಡಿಯಲು ಮೂಲೆಯಲ್ಲಿ ಬಿಡುವ ಜುಟ್ಟು. ಹೊಸ ಪುಸ್ತಕಕ್ಕೆ ಮಾಡುವಂತೆ ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿದೆ.

ಗಿರಿಜಾ ತಲೆ ಒರೆಸಿಕೊಳ್ಳುತ್ತ ಬಂದವಳು ಹಾಗೇ ನಿಂತಳು.

"ತಾತ, ಇದೇನು?"

"ಕಿವಿ. ಹಿಡಕೊಂಡು ಹೋಗಾಕ."

"ಹನ್ನೆರಡು ಹಾಳಿಗೆ ಕಿವಿ?"

"ಬಸ್ಸಿನ್ಯಾಗಿಂದ ಬಿದ್ರೂ ಒಂದು ಹಾಳಿ ಕದಲಂಗಿಲ್ಲ ನೋಡವ್ವ."

"ಕದಲಂಗಿಲ್ಲ, ಖರೇ. ತೆರಿಯಂಗೂ ಇಲ್ಲಲ್ಲ."

ನೋಡಿದರೆ ಹೊಲಿಗೆ ಒಳಗೆ ಸರಿದು, ಪ್ರತಿ ಸಾಲಿನ ಮೊದಲ ಎರಡಕ್ಷರ ಹುರಿಯ ಕೆಳಗೆ ಹೋಗಿದ್ದವು. ಇನ್ನೊಂದು ಪ್ರತಿ ತೆಗೆಸೋಣ ಎಂದೆ. ವಿಭಾಗದ ದೊಡ್ಡ ಸರ್ ಸಹಿ ಹಾಕಿರುವುದು ಇದೊಂದಕ್ಕೇ, ಅವರು ಊರಲ್ಲಿಲ್ಲ ಎಂದಳು. ಕತ್ತರಿ ಹಾಕಹೋದಳು, ನಾನು ತಡೆದೆ. ನನ್ನ ಹೊಲಿಗೆಗೆ ಅವಸರದ ಕತ್ತರಿ ಹಾಕಿದರೆ ಹಾಳೆ ಹರಿಯುತ್ತದೆ. ಕೊನೆಯ ಗಂಟಿನಿಂದ ಒಂದೊಂದೇ ಬಿಡಿಸಬೇಕು, ಅಷ್ಟು ಹೊತ್ತು ನಮಗಿರಲಿಲ್ಲ. ಅವಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. ಆಟೋದಲ್ಲಿ ಇಬ್ಬರೂ ಒಂದೊಂದು ಕಿವಿ ಹಿಡಿದು ಕೂತೆವು.

ಮೇಡಂ ಎದುರು ಬೇರೆ ಇಬ್ಬರ ಬರಹ ಆಗಲೇ ಬಂದಿತ್ತು, ಪ್ಲಾಸ್ಟಿಕ್ ಹೊದಿಕೆ ಹಾಕಿ ನುಣ್ಣಗೆ. ಅವರು ನಮ್ಮದನ್ನು ಕಿವಿ ಹಿಡಿದು ಎತ್ತಿ ತಿರುಗಿಸಿ ನೋಡಿದರು. "ಇದರಾಗ ಎಷ್ಟು ಕಿಲೋ ಐತಿ?" ಎಂದರು.

"ತಪ್ಪು ನಂದ್ರೀ ಮೇಡಮ್ಮಾರೆ," ಎಂದೆ. "ಹುಡುಗಿದೇನೂ ಇಲ್ಲ. ಕುಂದ್ರಾಕ ಜಾಗ ಕೊಡ್ರಿ, ಬಿಚ್ಚಿಕೊಡ್ತೀನಿ."

"ಬಿಚ್ಚರಿ. ಅಲ್ಲೀತನ ಈಕಿ ಬಾಯಿಲೆ ಹೇಳ್ತಾಳ," ಎಂದು ಗಿರಿಜಾಳ ಕಡೆ ತಿರುಗಿದರು. "ಸಂತಿ ಮುಗದ ಮ್ಯಾಲ ಈ ಹೆಣ್ಮಕ್ಕಳು ಎಲ್ಲಿ ಹೋಗ್ತಾರ?"

ನಾನು ಮೂಲೆಯಲ್ಲಿ ಕೂತು ಜೊತೆಗೆ ತಂದಿದ್ದ ದಬ್ಬಳದ ಮೊನೆ ಗಂಟಿಗೆ ಹಾಕಿದೆ. ಗಿರಿಜಾ ಮೊದಲು ಬರೆದ ಸಾಲನ್ನೇ ಬಾಯಿಪಾಠದಂತೆ ಒಪ್ಪಿಸಿದಳು. ಆಮೇಲೆ ಮಾತು ಹರಿಯಿತು. ಯಾರು ಸಿರುಗುಪ್ಪದ ಸಂತೆಗೆ ಹೋಗುತ್ತಾರೆ, ಯಾರು ಮಾರದೆ ಉಳಿದ ಸೊಪ್ಪು ಹೊತ್ತು ಓಣಿ ಸುತ್ತುತ್ತಾರೆ, ಕೂರುವ ಜಾಗ ಅತ್ತೆಯಿಂದ ಸೊಸೆಗೆ ಹೇಗೆ ಬರುತ್ತದೆ, ಎಲ್ಲ ಹೇಳಿದಳು. "ನಿನಗ ಹ್ಯಾಂಗ ಗೊತ್ತು?" ಎಂದರೆ, "ಬುಟ್ಟಿ ಹಿಡಕೊಂಡು ಅವ್ರ ಜತಿಗೇ ಬಸ್ಸು ಹತ್ತೀನ್ರಿ" ಎಂದಳು. ಮೂವತ್ತು ವರ್ಷ ಅದೇ ಸಂತೆಯ ಪಕ್ಕ ಕೂತು ಹೊಲಿದೆ, ನನಗೆ ಇದರಲ್ಲಿ ಅರ್ಧವೂ ಗೊತ್ತಿರಲಿಲ್ಲ.

ನಿಜ ಹೇಳುತ್ತೇನೆ. ಬಿಚ್ಚುವುದು ಅರ್ಧ ತಾಸಿನ ಕೆಲಸ. ಹುಡುಗಿ ಹೇಳುವ ಚಂದ ಕಂಡು ನಾನು ಬಿಚ್ಚಿದ ಗಂಟನ್ನೇ ಮತ್ತೆ ಎರಡು ಸಲ ಹಾಕಿದೆ. ಮೇಡಂ ಅದನ್ನು ಕಂಡರು. "ಸಾಕು ತಾತ, ಹಾಳಿ ಇನ್ನ ನಾ ಓದೂದೇ ಬ್ಯಾಡ," ಎಂದರು. ಆ ಒಂದು ಜಾಗ ಗಿರಿಜಾಳದಾಯಿತು. ವರಾಂಡದಲ್ಲಿ ಕಂಡ ನಾಲ್ವರಿಗೆ, ಆಟೋದವನಿಗೆ, ಓನರಮ್ಮನಿಗೆ ನಾನೇ ಹೇಳಿದೆ. ಓನರಮ್ಮನಿಗೆ ತೆಲುಗಿನಲ್ಲೂ ಹೇಳಿದೆ.

ಆದರೆ ಮೇಡಂ ಒಂದು ಷರತ್ತು ಹಾಕಿದ್ದರು. ವಾರದಲ್ಲಿ ಮೂರು ದಿನ ಊರಿನಲ್ಲೇ ಇದ್ದು ಆ ಹೆಂಗಸರ ಜೊತೆ ಓಡಾಡಬೇಕು. ಹಾಗಾಗಿ ಗುರುವಾರ ಅವಳನ್ನು ಕುರುಗೋಡಿನ ಬಸ್ಸಿಗೆ ಹತ್ತಿಸಲು ಹೋದೆ. ನಾನೂ ಹೋಗಬೇಕು ಎಂದು ಚೀಲ ತಂದಿದ್ದೆ. ಅಷ್ಟರಲ್ಲಿ ಓನರಮ್ಮನ ಫೋನು: ನಾಳೆ ಬೆಳಿಗ್ಗೆ ನಳದ ನೀರು, ಬಿಟ್ಟರೆ ಮತ್ತೆ ಬರುವುದು ವಾರದ ಮೇಲೆ. ಹಿಡಿದಿಡಲು ಒಬ್ಬರು ಬೇಕು.

ಗಿರಿಜಾ ಕಿಟಕಿಯಿಂದ ನಕ್ಕಳು. "ಅಜ್ಜಿಗ ಏನು ಹೇಳಲಿ ತಾತ?"

"ತಾತ ಬಳ್ಳಾರ್ಯಾಗ ಸಂಸಾರ ಮಾಡಾಕತ್ತಾನ ಅಂತ ಹೇಳು."

ಕಂಡಕ್ಟರ್ ನನ್ನ ಚೀಲ ನೋಡಿ, "ಹತ್ರಿ ಹಿರೇರ, ಊರಿಗೇನು?" ಎಂದ.

"ಇಲ್ಲಪಾ," ಎಂದೆ. "ನಾ ಇಲ್ಲೇ ಇರಾಂವ." ಬಸ್ಸು ಹೊರಟಿತು. ನನ್ನ ಒಂದು ಕೈ ಇನ್ನೂ ಬಾಗಿಲ ಕಂಬಿಯ ಮೇಲೇ ಇತ್ತು. ನಾಲ್ಕು ಹೆಜ್ಜೆ ಜೊತೆಗೇ ಓಡಿ ಬಿಟ್ಟೆ.